ಹತ್ತುವುದು, ಇಳಿಯುವುದು, ಹಿಂದಕ್ಕೆ ಬರುವುದು: ಚಿಕ್ಕಮಗಳೂರಿನ ರಸ್ತೆಗಳಲ್ಲಿ ಅಂಗವಿಕಲರ ವಾಹನಗಳು

ಸೊಂಟದ ಕೆಳಗೆ ಚಲನೆ ಇಲ್ಲದವರು ಚಿಕ್ಕಮಗಳೂರಿನಂಥ ಏರಿಳಿತದ ಊರಿನಲ್ಲಿ ಒಬ್ಬರೇ ಓಡಾಡಬೇಕೆಂದರೆ ಇಂದು ಕೈಗೆಟಕುವ ವಾಹನಗಳು ಮುಖ್ಯವಾಗಿ ಮೂರು ಬಗೆಯವು: ಹಿಂದೆ ಎರಡು ಹೆಚ್ಚುವರಿ ಚಕ್ರ ಕೂಡಿಸಿದ ಸ್ಕೂಟರು, ಬ್ಯಾಟರಿಯಿಂದ ಓಡುವ ತ್ರಿಚಕ್ರ ಕುರ್ಚಿ, ಮತ್ತು ವೀಲ್‌ಚೇರಿನ ಮುಂಭಾಗಕ್ಕೆ ಸಿಕ್ಕಿಸಿ ಬೇಕಾದಾಗ ಬಿಡಿಸಬಹುದಾದ ಮೋಟಾರು ಚಕ್ರ. ಈ ಮೂರನ್ನೂ ನನ್ನ ತಮ್ಮ ಬೇರೆ ಬೇರೆ ಕಾಲದಲ್ಲಿ ಬಳಸಿದ್ದಾನೆ. ಮೊದಲನೆಯದು ಮತ್ತು ಕೊನೆಯದು ಈಗಲೂ ಮನೆಯಲ್ಲಿವೆ. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಇವನ್ನು ಬಿಚ್ಚಿ, ಜೋಡಿಸಿ, ಹಿಂದೆ ನಡೆದು, ಕೆಲವೊಮ್ಮೆ ತಳ್ಳಿ ನೋಡಿದವನು. ಸ್ಕೂಟರಿಗೆ ಚಕ್ರ ಕೂಡಿಸಿದ ಗ್ಯಾರೇಜಿನ ಹೆಸರನ್ನಾಗಲಿ ಮೋಟಾರು ಚಕ್ರ ಮಾರಿದವರ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ನಾನು ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಒಬ್ಬ ತಯಾರಕರಿಗೆ ಸೇರಿದವಲ್ಲ, ವಿನ್ಯಾಸದ ಬಗೆಗೆ ಸೇರಿದವು; ಬೇರೆಯವರಿಂದ ಕೊಂಡರೂ ಅವು ಜೊತೆಗೇ ಬರುತ್ತವೆ.

ಇಂಥ ವಾಹನಗಳನ್ನು ಸಾಮಾನ್ಯವಾಗಿ ವೇಗ, ಮೈಲೇಜು, ಬೆಲೆಗಳಿಂದ ತೂಗುತ್ತಾರೆ. ನಾನು ಹಿಡಿದಿರುವ ಅಳತೆಗೋಲು ಬೇರೆ: ಮನೆಯ ಬಾಗಿಲಿನಿಂದ ಹೊರಟು, ಕೆಲಸ ಮುಗಿಸಿ, ಮರಳಿ ಮನೆಯೊಳಗೆ ಬರುವವರೆಗೆ ಸವಾರ ಎಷ್ಟು ಕಡೆ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ ಎಂಬುದು. ಆಲ್ದೂರಿನ ಕಡೆಯ ತೋಟವೊಂದರಲ್ಲಿ ಸಿಲ್ವರ್ ಮರಕ್ಕೆ ಒರಗಿಸಿದ್ದ ಮೆಣಸಿನ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ತಮ್ಮನ ಕಾಲುಗಳಿಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ; ಕೈ ಮತ್ತು ಭುಜಗಳ ಬಲ ಮಾತ್ರ ಮೊದಲಿಗಿಂತ ಹೆಚ್ಚಾಗಿದೆ. ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಅವನು ದಿನವೂ ಹೋಗಿ ಬರಬೇಕು, ನಡುವೆ ಬ್ಯಾಂಕು, ಔಷಧದಂಗಡಿ, ಮಗಳ ಶಾಲೆ ಇವೆ. ಮೊದಲ ವಾಹನ ಮನೆಗೆ ಬಂದಾಗ ಅದು ಹೇಗಿದೆ ಎಂದು ಕೇಳಿದ್ದಕ್ಕೆ, “ಓಡೋದೇನೋ ಓಡುತ್ತೆ ಕಣಣ್ಣ, ನಿಂತ ಮೇಲೆ ನಾನೇನು ಮಾಡ್ಲಿ?” ಎಂದಿದ್ದ. ಈ ವಿಮರ್ಶೆಯ ಬಹುಪಾಲು ಆ ಪ್ರಶ್ನೆಯ ಸುತ್ತಲೇ ಇದೆ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೆಚ್ಚು ಕಾಣುವುದು ಹೆಚ್ಚುವರಿ ಚಕ್ರದ ಸ್ಕೂಟರು. ಗೇರಿಲ್ಲದ ಸಾಮಾನ್ಯ ಸ್ಕೂಟರಿನ ಹಿಂಚಕ್ರದ ಎರಡೂ ಬದಿಗೆ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿ, ಅದಕ್ಕೆ ಒಂದೊಂದು ಚಕ್ರ ಕೂಡಿಸುತ್ತಾರೆ. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆ ವಿತರಿಸುವ ವಾಹನವೂ ಬಹುಮಟ್ಟಿಗೆ ಇದೇ. ನಮ್ಮ ಗಾಡಿಗೆ ಚಕ್ರ ಕೂಡಿಸಿದ್ದು ಹಾಸನದ ಒಂದು ಸಣ್ಣ ಗ್ಯಾರೇಜಿನಲ್ಲಿ. ಮೊದಲು ಇದರ ಒಳ್ಳೆಯ ಗುಣಗಳನ್ನು ಹೇಳಬೇಕು, ಏಕೆಂದರೆ ಅವು ಸಣ್ಣವಲ್ಲ. ಪೆಟ್ರೋಲು ಬಂಕ್ ಇರುವಲ್ಲೆಲ್ಲ ಇದು ಹೋಗುತ್ತದೆ. ಸುಮಾರು 25 ಕಿ.ಮೀ. ದೂರದ ಬೇಲೂರಿಗಾಗಲಿ ಅದಕ್ಕಿಂತ ದೂರದ ಕಡೂರಿಗಾಗಲಿ ಹೊರಡುವಾಗ ಬ್ಯಾಟರಿಯ ಲೆಕ್ಕ ಹಾಕಬೇಕಿಲ್ಲ. ಎಂಜಿನ್ ಕೆಟ್ಟರೆ ಯಾವ ಹಳ್ಳಿಯ ಮೆಕ್ಯಾನಿಕ್ಕಾದರೂ ರಿಪೇರಿ ಮಾಡಬಲ್ಲ, ಬಿಡಿಭಾಗ ಎಲ್ಲೆಲ್ಲೂ ಸಿಗುತ್ತದೆ. ಎರಡೂ ಬ್ರೇಕು ಮತ್ತು ಆಕ್ಸಿಲರೇಟರು ಕೈಯಲ್ಲೇ ಇರುವುದರಿಂದ ಕಾಲಿನ ಕೆಲಸವೇ ಇಲ್ಲ. ಹಿಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿಕೊಂಡು ಶಾಲೆಗೆ ಬಿಡಬಹುದು.

ಈ ಕೊನೆಯ ಮಾತು ಚಿಕ್ಕದೆಂದು ತೋರಬಹುದು, ಆದರೆ ಬ್ರಿಟನ್ನಿನಲ್ಲಿ ಅದು ದೊಡ್ಡ ತಕರಾರೇ ಆಗಿತ್ತು. ಅಲ್ಲಿಯ ಸರ್ಕಾರ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅಂಗವಿಕಲರಿಗೆ ಕೊಡುತ್ತಿದ್ದ ‘ಇನ್ವಾಕಾರ್’ ಎಂಬ ತಿಳಿನೀಲಿ ಬಣ್ಣದ ತ್ರಿಚಕ್ರ ವಾಹನದಲ್ಲಿ ಒಂದೇ ಸೀಟು ಇತ್ತು; ಹೆಂಡತಿ, ಮಗು, ಗೆಳೆಯ, ಯಾರನ್ನೂ ಕೂರಿಸಿಕೊಳ್ಳುವಂತಿರಲಿಲ್ಲ. ಸರ್ಕಾರದ ಒಡೆತನದಲ್ಲೇ ಉಳಿದಿದ್ದ ಆ ವಾಹನಗಳನ್ನು 2003ರಲ್ಲಿ ಸುರಕ್ಷತೆಯ ಕಾರಣಕ್ಕೆ ರಸ್ತೆಯಿಂದ ಹಿಂತೆಗೆದುಕೊಳ್ಳಲಾಯಿತು. ಅಂಗವಿಕಲನಾದವನು ಯಾವಾಗಲೂ ಒಬ್ಬನೇ ಹೋಗುವವನು ಎಂಬ ಊಹೆ ಆ ವಿನ್ಯಾಸದಲ್ಲಿತ್ತು. ನಮ್ಮ ಗ್ಯಾರೇಜುಗಳ ಸ್ಕೂಟರಿನಲ್ಲಿ ಹಿಂದಿನ ಸೀಟು ಉಳಿದಿರುವುದು ಯಾರೂ ಯೋಚಿಸಿ ಮಾಡಿದ್ದಲ್ಲದಿದ್ದರೂ ಲಾಭ ಲಾಭವೇ.

ಇನ್ನು ತೊಂದರೆಗಳು. ಸ್ಕೂಟರನ್ನು ಹತ್ತುವುದೇ ಮೊದಲನೆಯದು. ವೀಲ್‌ಚೇರಿನ ಆಸನಕ್ಕಿಂತ ಸ್ಕೂಟರಿನ ಸೀಟು ಎತ್ತರದಲ್ಲಿದೆ. ತನ್ನ ದೇಹದ ಭಾರವನ್ನೆಲ್ಲ ಎರಡು ಅಂಗೈಗಳ ಮೇಲೆ ಎತ್ತಿ, ಒಂದು ಆಸನದಿಂದ ಇನ್ನೊಂದಕ್ಕೆ ಸರಿಯಬೇಕು. ಅಡ್ಡವಾಗಿ ಸರಿಯುವುದಕ್ಕಿಂತ ಮೇಲಕ್ಕೆ ಸರಿಯುವುದು ಭುಜದ ಕೀಲುಗಳಿಗೆ ಎಷ್ಟೋ ಪಾಲು ಹೆಚ್ಚಿನ ಕೆಲಸ, ಮತ್ತು ವೀಲ್‌ಚೇರು ಬಳಸುವವರಿಗೆ ಭುಜವೇ ಕಾಲಿನ ಕೆಲಸವನ್ನೂ ಮಾಡುವ ಅಂಗವಾದ್ದರಿಂದ ಅದು ಸವೆದರೆ ಎಲ್ಲವೂ ನಿಲ್ಲುತ್ತದೆ. ಪೋಲಿಯೊದಿಂದ ಒಂದು ಕಾಲು ಸೊರಗಿ, ಊರುಗೋಲಿನಿಂದ ಎದ್ದು ನಿಲ್ಲಬಲ್ಲವರಿಗೆ ಈ ತೊಡಕಿಲ್ಲ. ಈ ಸ್ಕೂಟರು ಮೂಲತಃ ಅವರಿಗೇ ಒಗ್ಗಿದ ವಾಹನ ಎಂಬುದು ನನ್ನ ಅಭಿಪ್ರಾಯ, ಊರುಗೋಲು ಸಿಕ್ಕಿಸುವ ಕೊಂಡಿಯನ್ನು ಪ್ರತಿ ಗ್ಯಾರೇಜೂ ತಪ್ಪದೆ ಕೂಡಿಸುವುದೂ ಅದಕ್ಕೇ. ಎದ್ದು ನಿಲ್ಲಲಾರದವನು ಹೇಗೋ ಹತ್ತಿ ಕುಳಿತನೆಂದೇ ಇಟ್ಟುಕೊಳ್ಳೋಣ. ಅವನ ವೀಲ್‌ಚೇರು ಮನೆಯ ಜಗಲಿಯ ಬಳಿಯೇ ಉಳಿಯುತ್ತದೆ. ಬ್ಯಾಂಕಿನ ಮುಂದೆ ತಲುಪಿದಾಗ ಅವನು ಗಾಡಿಯ ಮೇಲೆ ಕುಳಿತೇ ಇರಬೇಕು, ಒಳಗಿನಿಂದ ಯಾರಾದರೂ ಹೊರಗೆ ಬರಬೇಕು. ಮಡಚುವ ವೀಲ್‌ಚೇರನ್ನು ಹಿಂದೆ ಹೊರುವ ಚೌಕಟ್ಟೊಂದನ್ನು ಹೇಳಿ ಮಾಡಿಸಿದೆವು. ಆದರೆ ಸೀಟಿನ ಮೇಲೆ ಕುಳಿತವನು ಹಿಂದಕ್ಕೆ ತಿರುಗಿ ಕುರ್ಚಿಯನ್ನು ಎತ್ತಿ ಕೆಳಗಿಳಿಸುವುದು ಸೊಂಟದ ಹಿಡಿತವಿಲ್ಲದವನಿಂದ ಆಗುವ ಕೆಲಸವಲ್ಲ.

ಎರಡನೆಯದು ಹಿಂದಕ್ಕೆ ಬರುವುದು. ಕಾಲಿರುವವರು ಸ್ಕೂಟರನ್ನು ಹಿಂದಕ್ಕೆ ತಳ್ಳುವುದು ಕಾಲಿನಿಂದ ಎಂಬುದನ್ನು ನಾವು ಗಮನಿಸುವುದೇ ಇಲ್ಲ, ಅಷ್ಟು ಸಹಜವಾಗಿ ಅದು ನಡೆಯುತ್ತದೆ. ಪೆಟ್ರೋಲು ಸ್ಕೂಟರಿನಲ್ಲಿ ರಿವರ್ಸ್ ಗೇರ್ ಇಲ್ಲ. ಎಂ.ಜಿ. ರಸ್ತೆಯಲ್ಲಿ ಎರಡು ಬೈಕುಗಳ ನಡುವೆ ಮುಂಭಾಗ ಒಳಮುಖವಾಗಿ ನಿಂತ ಗಾಡಿಯನ್ನು ಹೊರತೆಗೆಯಲು, ಗೌರಿಕಾಲುವೆಯ ಓಣಿಗಳಲ್ಲಿ ಎದುರಿಗೆ ಗೂಡ್ಸ್ ಆಟೊ ಬಂದಾಗ ಒಂದು ಗಜ ಹಿಂದೆ ಸರಿಯಲು, ದಾರಿಹೋಕರನ್ನು ಕರೆಯದೆ ಗತ್ಯಂತರವಿಲ್ಲ. ನಮ್ಮ ಊರಿನವರು ಕರೆದರೆ ಖಂಡಿತ ಬರುತ್ತಾರೆ, ಕರೆಯದಿದ್ದರೂ ಬರುತ್ತಾರೆ. ಆದರೆ ಗಾಡಿ ಕೊಂಡದ್ದು ಕರೆಯಬಾರದೆಂದು. ಪ್ರತ್ಯೇಕ ರಿವರ್ಸ್ ಗೇರ್ ಪೆಟ್ಟಿಗೆ ಕೂಡಿಸಿಕೊಡುವ ಗ್ಯಾರೇಜುಗಳಿವೆ. ಹೊಸದಾಗಿ ಮಾಡಿಸುವವರು ಬೇರೆ ಯಾವ ಅಲಂಕಾರಕ್ಕಿಂತ ಮೊದಲು ಅದನ್ನು ಕೇಳಬೇಕು. ಬ್ಯಾಟರಿ ಸ್ಕೂಟರನ್ನೇ ಆಧಾರವಾಗಿ ಇಟ್ಟುಕೊಂಡರೆ ಈ ಸಮಸ್ಯೆ ತಾನಾಗಿಯೇ ಹಗುರಾಗುತ್ತದೆ, ಏಕೆಂದರೆ ವಿದ್ಯುತ್ ಮೋಟಾರನ್ನು ಉಲ್ಟಾ ತಿರುಗಿಸಲು ಗೇರು ಬೇಕಿಲ್ಲ, ನಿಯಂತ್ರಕದಲ್ಲಿ ಒಂದು ಸ್ವಿಚ್ಚು ಸಾಕು.

ಮೂರನೆಯದು ಚಕ್ರಗಳ ಜೋಡಣೆ. ಹೆಚ್ಚುವರಿ ಚಕ್ರಗಳನ್ನು ಕೂಡಿಸಿದ ಮೇಲೂ ಎಂಜಿನಿನ ಶಕ್ತಿ ತಲುಪುವುದು ನಡುವಿನ ಮೂಲ ಹಿಂಚಕ್ರಕ್ಕೆ ಮಾತ್ರ. ಪಕ್ಕದ ಎರಡು ಚಕ್ರಗಳು ಗಟ್ಟಿಯಾಗಿ ಬೆಸೆದ ಚೌಕಟ್ಟಿನಲ್ಲಿದ್ದರೆ, ಅವೆರಡೂ ದಿಬ್ಬದ ಮೇಲಿದ್ದು ನಡುವಿನ ಚಕ್ರ ಗುಂಡಿಯ ಮೇಲೆ ಬಂದಾಗ ಅದು ನೆಲ ಮುಟ್ಟದೆ ಗಾಳಿಯಲ್ಲಿ ಗಿರ್ರನೆ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬಸವನಹಳ್ಳಿಯ ಕಡೆ ಕೊಳಾಯಿಗೆಂದು ಅಗೆದು ಅರೆಬರೆ ಮುಚ್ಚಿದ ರಸ್ತೆಯಲ್ಲಿ ನಮಗೆ ಇದು ಆದದ್ದುಂಟು. ಪಕ್ಕದ ಚಕ್ರಗಳಿಗೆ ಪ್ರತ್ಯೇಕ ಶಾಕ್ ಅಬ್ಸಾರ್ಬರ್ ಕೊಟ್ಟು, ಭಾರದ ಹೆಚ್ಚಿನ ಪಾಲು ನಡುವಿನ ಚಕ್ರದ ಮೇಲೆಯೇ ಉಳಿಯುವಂತೆ ಹೊಂದಿಸಿದರೆ ಈ ದೋಷ ಬಹಳ ಮಟ್ಟಿಗೆ ನಿವಾರಣೆಯಾಗುತ್ತದೆ; ನಮ್ಮ ಗಾಡಿಗೆ ಅದನ್ನು ಆಮೇಲೆ ಮಾಡಿಸಬೇಕಾಯಿತು. ತಿರುವಿನ ವಿಷಯ ಇನ್ನೂ ಎಚ್ಚರಿಕೆ ಬೇಡುವಂಥದ್ದು. ಎರಡು ಚಕ್ರದ ಸ್ಕೂಟರು ತಿರುವಿನಲ್ಲಿ ಒಳಗಡೆಗೆ ವಾಲಿ ಸಮತೋಲ ಕಾಯ್ದುಕೊಳ್ಳುತ್ತದೆ. ಪಕ್ಕದ ಚಕ್ರಗಳಿರುವ ಗಾಡಿ ವಾಲಲಾರದು, ಹಾಗಾಗಿ ಸವಾರನ ದೇಹ ಹೊರಗಡೆಗೆ ಎಳೆದಂತಾಗುತ್ತದೆ. ವೇಗ ಎರಡರಷ್ಟಾದರೆ ಆ ಎಳೆತ ನಾಲ್ಕರಷ್ಟಾಗುತ್ತದೆ. ತೊಡೆಗಳಿಂದ ಸೀಟನ್ನು ಅವುಚಿ ಹಿಡಿಯಬಲ್ಲವನಿಗೆ ಇದು ಸಣ್ಣ ಕಿರಿಕಿರಿಯಷ್ಟೆ. ಸೊಂಟದ ಹಿಡಿತವಿಲ್ಲದವನು ಹ್ಯಾಂಡಲನ್ನೇ ಹಿಡಿದು ನೇತಾಡುವಂತಾಗುತ್ತದೆ, ಹ್ಯಾಂಡಲು ಹಿಡಿದು ನೇತಾಡುವವನು ಅದನ್ನು ನೇರವಾಗಿ ತಿರುಗಿಸಲಾರ. ಬೆನ್ನಿಗೆ ಎತ್ತರದ ಒರಗು ಮತ್ತು ಎದೆಯ ಕೆಳಗೆ ಅಗಲವಾದ ಪಟ್ಟಿ ಇಲ್ಲದೆ ಅಂಥವರು ಈ ಗಾಡಿಯನ್ನು ಘಟ್ಟದ ರಸ್ತೆಗೆ ತೆಗೆದುಕೊಂಡು ಹೋಗಬಾರದು.

ಸ್ಪರ್ಶವಿಲ್ಲದ ಕಾಲುಗಳ ಬಗ್ಗೆ ಗ್ಯಾರೇಜಿನವರು ಸಾಮಾನ್ಯವಾಗಿ ಯೋಚಿಸುವುದಿಲ್ಲ, ಅದು ಅವರ ಅನುಭವಕ್ಕೆ ಬಂದಿರುವುದಿಲ್ಲ. ಕುಲುಕಾಟದಲ್ಲಿ ಪಾದ ಜಾರಿ ಬಿಸಿ ಸೈಲೆನ್ಸರಿಗೆ ತಗುಲಿದರೆ ಸವಾರನಿಗೆ ಗೊತ್ತೇ ಆಗುವುದಿಲ್ಲ, ಮನೆಗೆ ಬಂದು ಚಪ್ಪಲಿ ತೆಗೆದಾಗ ಸುಟ್ಟ ಗುಳ್ಳೆ ಕಾಣುತ್ತದೆ, ಅದು ವಾಸಿಯಾಗಲು ವಾರಗಳು ಬೇಕಾಗುತ್ತವೆ. ಕಾಲಿಡುವ ಜಾಗದ ಎರಡೂ ಅಂಚಿಗೆ ತಗಡಿನ ತಡೆ, ಹಿಮ್ಮಡಿಗೆ ಒಂದು ಪಟ್ಟಿ, ಸೈಲೆನ್ಸರಿಗೆ ಮುಚ್ಚಳ, ಇವಿಷ್ಟನ್ನು ಮಾಡಿಸಲು ತಗಲುವ ಖರ್ಚು ಒಂದು ಟಯರಿನ ಬೆಲೆಗಿಂತ ಕಡಿಮೆ.

ಕಾನೂನಿನ ಕಡೆಯಿಂದ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ ಮೂಲ ಪಾಠದ ಪ್ರಕಾರ ಅಂಗವಿಕಲರ ವಾಹನ ಎಂದರೆ ಅವರಿಗಾಗಿಯೇ ವಿಶೇಷವಾಗಿ ವಿನ್ಯಾಸಗೊಳಿಸಿ ಕಟ್ಟಿದ ವಾಹನ. ಸಾಮಾನ್ಯ ವಾಹನವನ್ನು ಮಾರ್ಪಡಿಸಿದ್ದು ಆ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ. ರಸ್ತೆಯಲ್ಲಿ ಓಡುತ್ತಿದ್ದವೆಲ್ಲ ಮಾರ್ಪಡಿಸಿದವೇ ಆಗಿದ್ದ ದೇಶದಲ್ಲಿ ಇದೊಂದು ವಿಚಿತ್ರ ಸ್ಥಿತಿ. 2019ರ ತಿದ್ದುಪಡಿ ಎರಡನ್ನೂ ಒಂದೇ ವ್ಯಾಖ್ಯೆಯೊಳಗೆ ತಂದಿತು. ಅದಕ್ಕೂ ಮೊದಲೇ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ತನ್ನ 41ನೆಯ ಕಲಮಿನಲ್ಲಿ, ಅಂಗವಿಕಲರ ವೈಯಕ್ತಿಕ ಸಂಚಾರವನ್ನು ಕೈಗೆಟಕುವ ಬೆಲೆಯಲ್ಲಿ ಉತ್ತೇಜಿಸಲು ರಿಯಾಯಿತಿ, ವಾಹನಗಳ ಮಾರ್ಪಾಡು ಮತ್ತು ಸಂಚಾರ ನೆರವಿನ ಯೋಜನೆಗಳನ್ನು ಸರ್ಕಾರ ರೂಪಿಸಬೇಕೆಂದು ಹೇಳಿದೆ. ಕೊಳ್ಳುವವರು ನೆನಪಿಡಬೇಕಾದದ್ದು ಇಷ್ಟು: ಚಕ್ರ ಕೂಡಿಸಿದ ಮೇಲೆ ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಯ ಮೇಲೆ ಆ ಬದಲಾವಣೆಯನ್ನು ನಮೂದಿಸಿಕೊಳ್ಳಬೇಕು, ಇಲ್ಲವಾದರೆ ಅಪಘಾತದ ಹೊತ್ತಿನಲ್ಲಿ ವಿಮೆಯ ವಿಷಯ ತೊಡಕಾಗುತ್ತದೆ.

ಬ್ಯಾಟರಿ ತ್ರಿಚಕ್ರ ಕುರ್ಚಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಸನ ತಗ್ಗಿನಲ್ಲಿದೆ, ಹತ್ತುವುದು ಸುಲಭ, ಹಿಂದೆ ಅಗಲವಾಗಿ ಎರಡು ಚಕ್ರಗಳಿರುವುದರಿಂದ ನಿಧಾನ ವೇಗದಲ್ಲಿ ಬಹಳ ಸ್ಥಿರ. ಹಾಸನದ ಬಿ.ಎಂ. ರಸ್ತೆಯಂಥ ಹೆಚ್ಚು ಏರಿಲ್ಲದ ಕಡೆ ಚಹದಂಗಡಿಯಷ್ಟು ಚಿಕ್ಕ ವ್ಯಾಪಾರವನ್ನು ಅದರ ಮೇಲೆಯೇ ನಡೆಸಬಹುದು. ಆದರೆ ಅದು ಯಾವ ಬಾಗಿಲಿನೊಳಗೂ ಹೋಗದಷ್ಟು ಅಗಲ, ಸೀಸದ ಬ್ಯಾಟರಿಗಳಿದ್ದರೆ ಒಬ್ಬರಿಂದ ಎತ್ತಲಾಗದಷ್ಟು ಭಾರ. ಬೀದಿಯವರೆಗೆ ಚೆನ್ನಾಗಿ ಕರೆದೊಯ್ದು ಮೆಟ್ಟಿಲ ಬುಡದಲ್ಲಿ ಬಿಟ್ಟುಬಿಡುವ ವಾಹನ ಅದು.

ಈಗ ಮೂರನೆಯ ಬಗೆ. ಇದು ನೋಡಲು ಸೈಕಲ್ಲಿನ ಮುಂದಿನ ಅರ್ಧವನ್ನು ಕತ್ತರಿಸಿ ತೆಗೆದಂತಿದೆ: ಒಂದು ಹ್ಯಾಂಡಲು, ಒಂದು ಬ್ಯಾಟರಿ ಪೆಟ್ಟಿಗೆ, ನಡುವಿನ ಗುಂಬದೊಳಗೇ (ಹಬ್) ಮೋಟಾರು ಅಡಗಿರುವ ಒಂದು ಚಕ್ರ. ಇದನ್ನು ವೀಲ್‌ಚೇರಿನ ಚೌಕಟ್ಟಿಗೆ ಸಿಕ್ಕಿಸಿದಾಗ ಕುರ್ಚಿಯ ಮುಂದಿನ ಎರಡು ಪುಟ್ಟ ಚಕ್ರಗಳು ನೆಲದಿಂದ ಸ್ವಲ್ಪ ಮೇಲಕ್ಕೇಳುತ್ತವೆ, ಕುರ್ಚಿಯೇ ತ್ರಿಚಕ್ರ ವಾಹನವಾಗುತ್ತದೆ. ತಲುಪಿದ ಮೇಲೆ ಬಿಡಿಸಿ ಬಾಗಿಲ ಬಳಿ ನಿಲ್ಲಿಸಿ, ಕುರ್ಚಿಯಲ್ಲೇ ಒಳಗೆ ಹೋಗಬಹುದು. ಭಾರತದಲ್ಲಿ ಈ ಬಗೆಯ ಹೆಸರಾದ ಉದಾಹರಣೆ ‘ನಿಯೋಬೋಲ್ಟ್’. ಮದ್ರಾಸ್ ಐಐಟಿಯಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರ ನೇತೃತ್ವದ ಪುನರ್ವಸತಿ ಸಾಧನಗಳ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡು, ಅಲ್ಲಿಯೇ ಹುಟ್ಟಿದ ನಿಯೋಮೋಷನ್ ಎಂಬ ನವೋದ್ಯಮದಿಂದ 2021ರಲ್ಲಿ ಮಾರುಕಟ್ಟೆಗೆ ಬಂದ ಇದರ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ., ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ 30 ಕಿ.ಮೀ.ವರೆಗೆ ಎಂದು ತಯಾರಕರು ಹೇಳಿದ್ದರು. ಆಗ ಅದರ ಬೆಲೆ ಸುಮಾರು 55 ಸಾವಿರ ರೂಪಾಯಿ, ಜೊತೆಗೆ ಬಳಸುವ, ಒಬ್ಬೊಬ್ಬರ ಅಳತೆಗೆ ಹೊಂದಿಸಿ ಕೊಡುವ ವೀಲ್‌ಚೇರಿನ ಬೆಲೆ ಪ್ರತ್ಯೇಕ. ನಮ್ಮ ಮನೆಯಲ್ಲಿರುವುದು ಅದಲ್ಲ, ಇದೇ ತತ್ತ್ವದ ಮೇಲೆ ಬೇರೆಯವರು ಮಾಡಿದ್ದು.

ನನ್ನ ಅಳತೆಗೋಲಿನಲ್ಲಿ ಇದು ಉಳಿದೆರಡನ್ನೂ ಬಹಳ ಹಿಂದೆ ಹಾಕುತ್ತದೆ. ಒಂದು ಆಸನದಿಂದ ಇನ್ನೊಂದಕ್ಕೆ ಸರಿಯುವ ಕೆಲಸವೇ ಇಲ್ಲ. ಬೆಳಿಗ್ಗೆ ಹಾಸಿಗೆಯಿಂದ ಕುರ್ಚಿಗೆ ಬಂದವನು ಸಂಜೆಯವರೆಗೆ ಅದೇ ಕುರ್ಚಿಯಲ್ಲಿ, ಅದೇ ದಿಂಬಿನ ಮೇಲೆ ಇರುತ್ತಾನೆ. ದಿಂಬಿನ ವಿಷಯ ಸಾಮಾನ್ಯವಲ್ಲ: ಸ್ಪರ್ಶವಿಲ್ಲದ ದೇಹಕ್ಕೆ ಒಂದೇ ಜಾಗದಲ್ಲಿ ಒತ್ತಡ ಬಿದ್ದರೆ ಹುಣ್ಣಾಗುತ್ತದೆ, ಬೆನ್ನುಹುರಿಗೆ ಪೆಟ್ಟಾದವರನ್ನು ಮತ್ತೆ ಮತ್ತೆ ಆಸ್ಪತ್ರೆಗೆ ತರುವ ಕಾರಣಗಳಲ್ಲಿ ಅದು ಮುಖ್ಯವಾದುದು. ಸ್ಕೂಟರಿನ ಸೀಟು ಆ ದೃಷ್ಟಿಯಿಂದ ಕೆಟ್ಟದ್ದು, ಅಳತೆಗೆ ಮಾಡಿಸಿದ ಕುರ್ಚಿ ಮತ್ತು ಒಳ್ಳೆಯ ದಿಂಬು ಒಳ್ಳೆಯದು. ಹಿಂದಕ್ಕೆ ಬರಲು ಹ್ಯಾಂಡಲಿನಲ್ಲಿ ಸ್ವಿಚ್ಚಿದೆ. ಅದು ಕೆಲಸ ಮಾಡದಿದ್ದರೂ ಎರಡು ಕೈಯಿಂದ ಹಿಂಚಕ್ರಗಳ ರಿಮ್ಮನ್ನು ಎಳೆದರಾಯಿತು. ಸಿಕ್ಕಿಸುವ ಕೊಂಡಿಯ ವಿನ್ಯಾಸ ಮಾತ್ರ ಇನ್ನೂ ಉತ್ತಮವಾಗಬೇಕು. ಎರಡು ಕಡೆಯ ಹಿಡಿತಗಳೂ ಒಟ್ಟಿಗೆ ಕೂರಬೇಕಾದ್ದರಿಂದ ಕುರ್ಚಿ ಸಮನಾದ ನೆಲದ ಮೇಲಿರಬೇಕು. ನಮ್ಮ ಮನೆಯ ಮುಂದೆ ರಸ್ತೆ ಚರಂಡಿಯ ಕಡೆಗೆ ವಾಲಿರುವುದರಿಂದ ಒಂದು ಬದಿ ಕೂತರೆ ಇನ್ನೊಂದು ಕೂರುವುದಿಲ್ಲ. ಜಗಲಿಯೊಳಗೇ ಜೋಡಿಸಿಕೊಂಡು ಹೊರಡುವುದನ್ನು ತಮ್ಮ ರೂಢಿ ಮಾಡಿಕೊಂಡಿದ್ದಾನೆ.

ಏರಿನ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಮಲೆನಾಡಿನಲ್ಲಿ ಕೊಳ್ಳುವವರಿಗೆ ತೀರ್ಮಾನವಾಗುವುದು ಅಲ್ಲಿಯೇ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಮತ್ತು ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ ಹಗುರ ಬ್ಯಾಟರಿ ವಾಹನಕ್ಕೆ ನೋಂದಣಿಯೂ ಲೈಸೆನ್ಸೂ ಬೇಕಿಲ್ಲ. ಹಾಗಾಗಿ ಹೆಚ್ಚಿನವರು ಆ ಮಿತಿಯ ಸುತ್ತಮುತ್ತಲೇ ಮೋಟಾರು ಆರಿಸುತ್ತಾರೆ. ಸವಾರ, ಕುರ್ಚಿ, ಮೋಟಾರು ಚಕ್ರ ಎಲ್ಲ ಸೇರಿ 110 ಕೆ.ಜಿ. ಎಂದಿಟ್ಟುಕೊಂಡು, 12 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಬೇಕೆಂದರೆ ಚಕ್ರಕ್ಕೆ ತಲುಪಬೇಕಾದ ಶಕ್ತಿ ಸುಮಾರು 300 ವ್ಯಾಟ್. ಅಂದರೆ ಅಂಥ ಏರಿನಲ್ಲಿ ಈ ಗಾಡಿ ವೇಗವಾಗಿ ನಡೆಯುವವರ ಹೆಜ್ಜೆಗೆ ಇಳಿಯುತ್ತದೆ, ಮೋಟಾರು ಬಿಸಿಯಾಗುತ್ತದೆ, 30 ಕಿ.ಮೀ. ಎಂದು ಪಟ್ಟಿಯಲ್ಲಿ ಬರೆದಿರುವ ದೂರ ಅರ್ಧಕ್ಕೆ ಬರುವುದೂ ಉಂಟು. ಇದರಲ್ಲಿ ಮೋಸವೇನಿಲ್ಲ. ಪಟ್ಟಿಯ ದೂರ ಸಮತಟ್ಟಾದ ನೆಲದ ಮೇಲಿನದು, ರತ್ನಗಿರಿ ಬೋರೆಯ ಕಡೆಗೆ ಹತ್ತುವ ರಸ್ತೆಯದಲ್ಲ.

ಶಕ್ತಿಗಿಂತ ದೊಡ್ಡ ಸಮಸ್ಯೆ ಹಿಡಿತದ್ದು. ಎಳೆಯುವ ಚಕ್ರ ಮುಂದಿದೆ, ಸವಾರನ ಭಾರದ ಬಹುಪಾಲು ಹಿಂದಿದೆ. ಮುಂದಿನ ಚಕ್ರದ ಮೇಲೆ ಒಟ್ಟು ಭಾರದ ಕಾಲು ಭಾಗ ಇದೆಯೆಂದೂ ಒಣ ಡಾಂಬರಿನಲ್ಲಿ ಘರ್ಷಣೆಯ ಗುಣಾಂಕ 0.6 ಎಂದೂ ಲೆಕ್ಕ ಹಾಕಿದರೆ 7 ಅಡಿಗೆ 1 ಅಡಿಯ ಏರನ್ನೂ ಇದು ಹತ್ತಬಲ್ಲದು. ಅದೇ ರಸ್ತೆಯ ಮೇಲೆ ಒದ್ದೆ ಜಲ್ಲಿ, ಕೆಮ್ಮಣ್ಣಿನ ಕೆಸರು ಇದ್ದು ಗುಣಾಂಕ 0.3ಕ್ಕೆ ಇಳಿದರೆ 13 ಅಡಿಗೆ 1 ಅಡಿಯ ಏರಿನಲ್ಲೇ ಚಕ್ರ ಜಾರಿ ತಿರುಗತೊಡಗುತ್ತದೆ. 12ಕ್ಕೆ 1 ಎಂಬುದು ಕಟ್ಟಡಗಳ ರ‍್ಯಾಂಪಿಗೆ ಒಪ್ಪಿತವಾದ ಇಳಿಜಾರು. ಆರ್ದ್ರಾ ಮಳೆ ಹಿಡಿದ ಮೇಲೆ ನಿಯಮದಂತೆ ಕಟ್ಟಿದ ರ‍್ಯಾಂಪಿನ ಕೆಳಗೂ ಈ ಗಾಡಿ ನಿಂತುಬಿಡಬಹುದು ಎಂದರ್ಥ. ಏರು ಕಡಿದಾದಷ್ಟೂ ಭಾರ ಇನ್ನಷ್ಟು ಹಿಂದಕ್ಕೆ ಸರಿಯುವುದರಿಂದ ವಾಸ್ತವ ಈ ಲೆಕ್ಕಕ್ಕಿಂತಲೂ ಕೆಟ್ಟದಾಗಿರುತ್ತದೆ. ಬ್ರೇಕು ಕೂಡ ಅದೇ ಹಗುರವಾದ ಮುಂದಿನ ಚಕ್ರಕ್ಕೇ ಇದೆ. ಇಳಿಯುವಾಗ ಭಾರ ಮುಂದಕ್ಕೆ ಬರುವುದರಿಂದ ಅದು ಚೆನ್ನಾಗಿ ಹಿಡಿಯುತ್ತದೆ, ಏರಿನ ನಡುವೆ ನಿಂತಾಗ ಮಾತ್ರ ಬ್ರೇಕು ಹಿಡಿದ ಚಕ್ರವೇ ಹಿಂದಕ್ಕೆ ಜಾರುತ್ತದೆ. ಆಗ ಎಡಗೈ ತಕ್ಷಣ ಹಿಂಚಕ್ರದ ರಿಮ್ಮಿಗೆ ಹೋಗಬೇಕು. ಕೈಬಲ ಚೆನ್ನಾಗಿರುವ ತಮ್ಮನಿಗೆ ಇದು ರೂಢಿಯಾಗಿದೆ. ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟಾಗಿ ಕೈಬೆರಳುಗಳೂ ಸೋತವರಿಗೆ ಇದು ಅಪಾಯಕಾರಿ, ಅವರು ಮಲೆನಾಡಿನಲ್ಲಿ ಈ ಬಗೆಯನ್ನು ಒಬ್ಬರೇ ಬಳಸಬಾರದು.

ಒಂದು ಹೊಂದಾಣಿಕೆಯನ್ನು ನಾವೇ ಮಾಡಿಕೊಂಡೆವು. ಒಳ್ಳೆಯ ವೀಲ್‌ಚೇರುಗಳಲ್ಲಿ ಹಿಂಚಕ್ರದ ಅಚ್ಚನ್ನು ಹಿಂದೆ ಮುಂದೆ ಸರಿಸಲು ತೂತುಗಳಿರುತ್ತವೆ. ಅಚ್ಚು ಮುಂದಿದ್ದರೆ ಕೈಯಿಂದ ತಳ್ಳುವುದು ಹಗುರ, ಕುರ್ಚಿ ಚುರುಕಾಗಿ ತಿರುಗುತ್ತದೆ, ಆದರೆ ಮೋಟಾರು ಚಕ್ರದ ಮೇಲೆ ಭಾರ ಕಡಿಮೆ ಬೀಳುತ್ತದೆ. ಒಂದು ತೂತು ಹಿಂದಕ್ಕೆ ಹಾಕಿದರೆ ಏರಿನಲ್ಲಿ ಹಿಡಿತ ಸಿಗುತ್ತದೆ, ಮನೆಯೊಳಗೆ ತಳ್ಳುವುದು ಸ್ವಲ್ಪ ಭಾರವಾಗುತ್ತದೆ. ಮಳೆಗಾಲಕ್ಕೆ ಹಿಂದಿನ ತೂತು, ಬೇಸಿಗೆಗೆ ಮುಂದಿನದು ಎಂದು ನಾವು ಬದಲಿಸುತ್ತೇವೆ. ಮಾರುವವರು ಕೊಟ್ಟ ಪುಸ್ತಕದಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ, ಇರಬೇಕಾಗಿತ್ತು.

ಅಂದಹಾಗೆ, ಈ ಕ್ಷೇತ್ರದಲ್ಲಿ ನಿಲ್ಲುವಂಥ ಕೆಲಸವನ್ನು ಹೆಚ್ಚಾಗಿ ಬಳಸುವವರೇ ಮಾಡಿದ್ದಾರೆ. ಜರ್ಮನಿಯ ಗಡಿಯಾರ ಕೆಲಸಗಾರ ಸ್ಟೀಫನ್ ಫಾರ್ಫ್ಲರ್ 1655ರಲ್ಲಿ ತನಗಾಗಿ ಕೈಯಿಂದ ತಿರುಗಿಸುವ ಮೂರು ಚಕ್ರದ ಕುರ್ಚಿ ಮಾಡಿಕೊಂಡ. ಅಮೆರಿಕದಲ್ಲಿ ಗಣಿ ಅಪಘಾತದಲ್ಲಿ ಬೆನ್ನು ಮುರಿದು ಕಾಲುಗಳ ಚಲನೆ ಕಳೆದುಕೊಂಡ ಹರ್ಬರ್ಟ್ ಎವರೆಸ್ಟ್ ತನ್ನ ಎಂಜಿನಿಯರ್ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1930ರ ದಶಕದಲ್ಲಿ ರೂಪಿಸಿದ ಅಡ್ಡಪಟ್ಟಿಯ ಮಡಚುವ ಕುರ್ಚಿಯೇ ಇಂದಿಗೂ ನಮ್ಮ ಆಸ್ಪತ್ರೆಗಳ ವರಾಂಡದಲ್ಲಿರುವುದು. ಬೈಕ್ ಅಪಘಾತದ ನಂತರ ವೀಲ್‌ಚೇರು ಹತ್ತಿದ ರಾಲ್ಫ್ ಹಾಚ್‌ಕಿಸ್ ಬಡ ದೇಶಗಳ ಕೆಟ್ಟ ರಸ್ತೆಗಳಿಗಾಗಿ ‘ರಫ್‌ರೈಡರ್’ ವಿನ್ಯಾಸ ಮಾಡಿದಾಗ ಮುಂದಿನ ಪುಟ್ಟ ಚಕ್ರಗಳನ್ನು ಅಗಲವಾಗಿಸಿ ಇನ್ನಷ್ಟು ಮುಂದಕ್ಕೆ ಸರಿಸಿದರು. ನಮ್ಮ ಕುರ್ಚಿಯ ಕಿರಿದಾದ, ಗಟ್ಟಿ ಚಕ್ರಗಳು ಮಾರುಕಟ್ಟೆ ರಸ್ತೆಯ ಚರಂಡಿ ಚಪ್ಪಡಿಗಳ ಸಂದಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ಆ ಬದಲಾವಣೆಯ ಬೆಲೆ ಗೊತ್ತಾಗುತ್ತದೆ. ಮೋಟಾರು ಚಕ್ರ ಸಿಕ್ಕಿಸಿದಾಗ ಅವು ಮೇಲೆದ್ದಿರುವುದರಿಂದ ರಸ್ತೆಯ ಮೇಲೆ ತೊಂದರೆಯಿಲ್ಲ. ಬಿಡಿಸಿದ ಮೇಲಿನ ಕೊನೆಯ ಕೆಲವು ಗಜಗಳಲ್ಲೇ ಅದು ಎದುರಾಗುತ್ತದೆ. ಹಾಗೆಯೇ ಅಳತೆ ಮೀರಿ ಎತ್ತರಕ್ಕೆ ಹಾಕಿದ ಹಂಪುಗಳಲ್ಲಿ ಕುರ್ಚಿಯ ಪಾದದಾನಿ ಕೆರೆಯುತ್ತದೆ. ಪಾದದಾನಿಯನ್ನು ಎರಡು ಬೆರಳಷ್ಟು ಮೇಲಕ್ಕೆತ್ತಿಸಿಕೊಳ್ಳುವುದು ಒಳ್ಳೆಯದು, ಆದರೆ ಹೆಚ್ಚು ಎತ್ತಿದರೆ ಮೊಣಕಾಲು ಮೇಲೆದ್ದು ಭಾರವೆಲ್ಲ ಕುಂಡೆಯ ಮೂಳೆಗಳ ಮೇಲೆ ಬಿದ್ದು ಹುಣ್ಣಿನ ಭಯ ಹೆಚ್ಚುತ್ತದೆ.

ಮಳೆಯ ಬಗ್ಗೆ ತಯಾರಕರು ನೀರು ನಿರೋಧಕವೆಂದು ಹೇಳುವುದು ಬ್ಯಾಟರಿ ಪೆಟ್ಟಿಗೆಗೆ ಮತ್ತು ಮೋಟಾರಿಗೆ ಅನ್ವಯಿಸುತ್ತದೆ, ನಡುವಿನ ಪ್ಲಗ್ಗಿಗೆ ಅಲ್ಲ. ನಮ್ಮ ಗಾಡಿ ಮಳೆಗಾಲದಲ್ಲಿ ಕೈಕೊಟ್ಟದ್ದು ಆ ಪ್ಲಗ್ಗಿನಲ್ಲಿ. ರಿಪೇರಿಗೆ ಬೆಂಗಳೂರಿಗೆ ಕಳುಹಿಸಬೇಕೆಂದರು. ಇಲ್ಲಿಯ ಬ್ಯಾಟರಿ ಸ್ಕೂಟರ್ ಮೆಕ್ಯಾನಿಕ್ಕೊಬ್ಬರು ಪ್ಲಗ್ಗನ್ನು ಬದಲಿಸಿ ರಬ್ಬರು ಕವಚ ಹಾಕಿಕೊಟ್ಟ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಮಾರಾಟದ ನಂತರದ ಸೇವೆಯಲ್ಲಿ ಹಳೆಯ ಸ್ಕೂಟರೇ ಮೇಲು ಎಂಬುದನ್ನು ಒಪ್ಪಬೇಕು. ಇನ್ನೊಂದು ತೊಡಕು ಕೊಡೆಯದ್ದು: ಎರಡೂ ಕೈಗಳಿಗೆ ಕೆಲಸವಿರುವವನು ಕೊಡೆ ಹಿಡಿಯಲಾರ, ಸಾಮಾನ್ಯ ರೈನ್‌ಕೋಟಿನ ಅಂಚು ಹಿಂಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಬೆನ್ನಿನ ಭಾಗ ಗಿಡ್ಡವಾಗಿ, ತೊಡೆಯ ಭಾಗ ಉದ್ದವಾಗಿ ಹೊಲಿಸಿಕೊಂಡ ಕೋಟು ಬೇಕು. ನಾವು ಅದನ್ನು ಟಾರ್ಪಾಲು ಹೊಲಿಯುವವರ ಹತ್ತಿರ ಮಾಡಿಸಿದೆವು.

ಗಾಡಿ ಎಷ್ಟೇ ಚೆನ್ನಾಗಿರಲಿ, ತಲುಪುವ ಜಾಗ ಅದನ್ನು ಒಪ್ಪಬೇಕು. ಇಂದಿರಾ ಗಾಂಧಿ ರಸ್ತೆಯ ಬಹುತೇಕ ಅಂಗಡಿಗಳಿಗೆ ಚರಂಡಿ ದಾಟಿ ಎರಡು ಮೆಟ್ಟಿಲು ಹತ್ತಬೇಕು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪು ಬೇಕೆಂಬ ಲೆಕ್ಕ ಗೊತ್ತಿಲ್ಲದೆ ಮೂರು ಅಡಿಯಲ್ಲಿ ಕಟ್ಟಿ ಮುಗಿಸಿದ ರ‍್ಯಾಂಪುಗಳು ಊರ ತುಂಬ ಇವೆ. ಅವುಗಳ ಮೇಲೆ ಬೈಕು ಹತ್ತಿಸಬಹುದು, ವೀಲ್‌ಚೇರು ಹತ್ತಿಸಲಾಗದು. ಮೋಟಾರು ಚಕ್ರದ ನಿಜವಾದ ಲಾಭ ಪೂರ್ತಿ ಸಿಗುವುದು ತಮ್ಮನ ಕಾರ್ಖಾನೆಯಂಥ ಕಡೆ. ಅಲ್ಲಿ ಕಾಫಿ ಮೂಟೆಯ ಕೈಗಾಡಿಗಳಿಗಾಗಿ ನೆಲವನ್ನು ಮೊದಲೇ ಸಮನಾಗಿ, ಬಾಗಿಲನ್ನು ಅಗಲವಾಗಿ ಇಟ್ಟಿದ್ದಾರೆ.

ಎದ್ದು ನಿಲ್ಲಬಲ್ಲವರಿಗೆ, ಊರೂರು ಸುತ್ತುವ ಕೆಲಸವಿರುವವರಿಗೆ, ಪಕ್ಕದ ಚಕ್ರಗಳಿಗೆ ಶಾಕ್ ಅಬ್ಸಾರ್ಬರ್ ಮತ್ತು ರಿವರ್ಸ್ ಇರುವ ಸ್ಕೂಟರನ್ನೇ ನಾನು ಶಿಫಾರಸು ಮಾಡುತ್ತೇನೆ. ವೀಲ್‌ಚೇರಿನಲ್ಲೇ ದಿನ ಕಳೆಯುವ, ಕೈಬಲ ಚೆನ್ನಾಗಿರುವ, ಓಡಾಟ ಊರೊಳಗೇ ಇರುವವರಿಗೆ ಮೋಟಾರು ಚಕ್ರವೇ ಸರಿ. ಆದರೆ ಅದಕ್ಕಿಂತ ಮೊದಲು ಸೊಂಟದ ಅಗಲ, ತೊಡೆಯ ಉದ್ದ ಅಳೆದು ಮಾಡಿದ ಕುರ್ಚಿಗೆ ಹಣ ಹಾಕಬೇಕು, ಆಸ್ಪತ್ರೆಯ ಸಡಿಲ ಮಡಚು ಕುರ್ಚಿಗೆ ಇದನ್ನು ಸಿಕ್ಕಿಸಿದರೆ ಚೌಕಟ್ಟು ನಲುಗುತ್ತದೆ. ಧನಸಹಾಯ ಬೇಕಿದ್ದರೆ ಯುಡಿಐಡಿ ಕಾರ್ಡು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿಕೊಂಡು, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು, ಊರಾದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಮೊದಲು ವಿಚಾರಿಸಬೇಕು. ಯೋಜನೆಯಲ್ಲಿ ಕೊಡುವ ವಾಹನದ ಬಗೆಯನ್ನು ಆರಿಸಿಕೊಳ್ಳುವ ಅವಕಾಶ ಇದೆಯೇ ಎಂದು ಅರ್ಜಿ ಹಾಕುವ ಮುನ್ನವೇ ಕೇಳುವುದು ಒಳ್ಳೆಯದು. ಮಾರುವವರು ತಮ್ಮ ಮಳಿಗೆಯ ಮುಂದಿನ ಸಮತಟ್ಟಾದ ಅಂಗಳದಲ್ಲಿ ಓಡಿಸಿ ತೋರಿಸುತ್ತಾರೆ. ಅಷ್ಟಕ್ಕೇ ಮುಂಗಡ ಕೊಡದೆ, ಗಾಡಿಯನ್ನು ಸವಾರನ ಮನೆಯವರೆಗೆ ತರಿಸಿ, ಅವನ ಬೀದಿಯ ಏರಿನ ನಡುವೆ ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಿ, ರಸ್ತೆಗೆ ಒಂದು ಕೊಡ ನೀರು ಸುರಿದು ಅದನ್ನೇ ಇನ್ನೊಮ್ಮೆ ಮಾಡಿಸಿ, ಬಾಗಿಲ ಹೊಸ್ತಿಲಿನ ಬಳಿ ಅವನೇ ಕೊಂಡಿ ಬಿಡಿಸಿ ಒಳಗೆ ಹೋಗಬಲ್ಲನೇ ಎಂಬುದನ್ನು ಕಣ್ಣಾರೆ ನೋಡಿಕೊಂಡು ಆಮೇಲೆ ವ್ಯಾಪಾರದ ಮಾತಾಡಬೇಕು.